ಗುರುವಾರದ ಆರು ಮಾತ್ರೆಗಳು

ಮಾಗಡಿ
16 ಜನವರಿ 2025

ಶ್ರೀಮತಿ ಪುಟ್ಟಲಕ್ಷ್ಮಮ್ಮನವರಿಗೆ,

ನಮಸ್ಕಾರ. ನಿನ್ನೆ ರಾಮನಗರದ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಗಂಟೆ ನಿಮ್ಮ ಪಕ್ಕ ಕೂತಿದ್ದವಳು, ಟೋಕನ್ ನಂಬರು ಹಿಂದುಮುಂದಾಯಿತೆಂದು ಗುಮಾಸ್ತರೊಂದಿಗೆ ಜಗಳವಾಡಿದವಳು ನಾನೇ. ಹೆಸರು ಗಿರಿಜಾಂಬ. ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿದ್ದೇನೆ.

ಮುಬಶ್ಶಿರಾ ಸಿಸ್ಟರ್ ನಮ್ಮಿಬ್ಬರನ್ನು ಜೋಡಿ ಮಾಡಿದ್ದಾರೆ. ಕೀಲುವಾತದವರು ನಾಲ್ಕು ದಿನ ಮಾತ್ರೆ ನುಂಗಿ ಬಿಟ್ಟುಬಿಡುತ್ತಾರೆ, ಒಬ್ಬರನ್ನೊಬ್ಬರು ಕಾಯಲಿ ಎಂಬುದು ಅವರ ಆಲೋಚನೆ. ಅವರು ನಿಯಮ ಹೇಳುವಾಗ ನೀವು ಆ ಕಡೆಯವರ ಹತ್ತಿರ ಕುರಿಯ ಸುದ್ದಿ ಕೇಳುತ್ತಿದ್ದಿರಿ, ಆದ್ದರಿಂದ ಮತ್ತೆ ಬರೆಯುತ್ತೇನೆ. ಮೂರು ನಾಲ್ಕು ವಾರಕ್ಕೊಂದು ಪತ್ರ ಬರೆಯಬೇಕು. ಸ್ವಂತ ಕೈಯಲ್ಲೇ ಬರೆಯಬೇಕು. ಮಾತ್ರೆ ತಪ್ಪಿಸಿದೆವೋ ಇಲ್ಲವೋ ಎಂಬುದು ಅದರಲ್ಲಿರಬೇಕು. ಬಂದ ಪತ್ರವನ್ನು ಮುಂದಿನ ತಪಾಸಣೆಗೆ ಒಯ್ದು ತೋರಿಸಬೇಕು. ಫೋನು ಸಾಲದೇ ಎಂದು ನಾನು ಕೇಳಿದ್ದಕ್ಕೆ ಸಿಸ್ಟರ್, "ಫೋನಲ್ಲಿ ನಾಲಿಗೆಗೆ ಕಸರತ್ತು ಆಯ್ತದೆ ಮೇಡಂ, ಬೆರಳಿಗಲ್ಲ" ಎಂದರು. ಎಲ್ಲರೂ ನಕ್ಕರು. ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ.

ಇಬ್ಬರಿಗೂ ಅದೇ ಹಳದಿ ಮಾತ್ರೆ. ವಾರಕ್ಕೊಂದೇ ದಿನ, ಊಟದ ಮೇಲೆ ಆರು. ನನಗೆ ಬುಧವಾರ, ನಿಮಗೆ ಗುರುವಾರ. ಇನ್ನು ಮುಂದೆ ಮಾಗಡಿಯವರಿಗೆ ತಿಂಗಳ ಮೊದಲ ಬುಧವಾರ ತಪಾಸಣೆ, ನಿಮ್ಮ ಕನಕಪುರದ ಕಡೆಯವರಿಗೆ ಮೂರನೆಯ ಬುಧವಾರ. ಹಾಗಾಗಿ ನಾವು ಎದುರುಬದುರು ಸಿಗುವುದು ಕಷ್ಟ.

ಈ ಒಂದು ಪುಟಕ್ಕೆ ನನಗೆ ಎರಡು ಗಂಟೆ ಹಿಡಿಯಿತು. ಅಕ್ಷರ ನೋಡಿ ನಗಬೇಡಿ. ನಾನು ನಲವತ್ತು ವರ್ಷ ಪತ್ರಿಕೆಗಳ ವಾಚಕರ ಅಂಕಣಕ್ಕೆ ಬರೆದವಳು. ನಲ್ಲಿ, ಬೀದಿದೀಪ, ಪಠ್ಯಪುಸ್ತಕದ ತಪ್ಪು, ಯಾವುದನ್ನೂ ಬಿಟ್ಟವಳಲ್ಲ. ಎರಡು ವರ್ಷದಿಂದ ಪೆನ್ನು ನಿಲ್ಲುತ್ತಿಲ್ಲ. ನನ್ನ ಬೆರಳು ನನಗೆ ವಾಪಸು ಬೇಕು. ಬೇರೇನೂ ಬೇಡ.

ಇತಿ,
ಗಿರಿಜಾಂಬ


ಸಾತನೂರು
3 ಫೆಬ್ರವರಿ 2025

ಟೀಚರಮ್ಮನವರಿಗೆ ಪುಟ್ಟಲಕ್ಷ್ಮಮ್ಮ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ಮದುವೆಯ ಕರೆಯೋಲೆ ಬಿಟ್ಟರೆ ನಮ್ಮ ಮನೆಗೆ ಕಾಗದ ಬಂದು ಎಷ್ಟೋ ವರ್ಷವಾಗಿತ್ತು. ನಮ್ಮ ಯಜಮಾನರು ಪುಟ್ಟಲಿಂಗಯ್ಯ ಕುರಿ ಬಿಟ್ಟು ಓಡಿ ಬಂದರು. "ಏನಮ್ಮೀ, ಕೋರ್ಟಿಂದ ಬಂದದಾ?" ಎಂದರು. "ಊಂ, ನಿಮ್ ಮ್ಯಾಲೆ ನಾನೇ ಹಾಕಿದ್ದು" ಎಂದೆ. ತಿರುಗಿ ನೋಡದೆ ಕುರಿಯ ಹತ್ತಿರ ಹೋದರು.

ಗುರುವಾರದ ಮಾತ್ರೆ ತಪ್ಪಿಸಿಲ್ಲ. ಆದರೆ ಶುಕ್ರವಾರ ಹೊಟ್ಟೆ ತೊಳಸುತ್ತದೆ. ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಸಾಕು, ವಾಂತಿ. ಹುಳುವಿನ ಮನೆಯೊಳಗೆ ಕಾಲಿಡುವುದಕ್ಕೆ ಆಗುವುದಿಲ್ಲ.

ನಿಮಗೆ ರೇಷ್ಮೆ ಕೆಲಸ ಗೊತ್ತೋ ಇಲ್ಲವೋ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಅಂದರೆ ತಲೆ ಎತ್ತಿಕೊಂಡು ಒಂದು ದಿನ ಸುಮ್ಮನಿದ್ದು ಪೊರೆ ಬಿಡುತ್ತದೆ. ಆಗ ಮೇವು ಹಾಕಬಾರದು, ಹಾಕಿದರೆ ಕೆಡುತ್ತದೆ. ಜ್ವರ ಎದ್ದ ಮೇಲೆ ಹಾಕಿದರೆ ಬಿಟ್ಟದ್ದನ್ನೂ ಸೇರಿಸಿ ತಿಂದುಕೊಳ್ಳುತ್ತದೆ. ಕೊನೆಗೆ ಹುಳು ಹಣ್ಣಾದ ದಿನ ಒಂದೊಂದನ್ನೇ ಬೆರಳಲ್ಲಿ ಆಯ್ದು ಚಂದ್ರಿಕೆಗೆ ಬಿಡಬೇಕು. ಗೂಡು ಕಟ್ಟುವ ಬಿದಿರಿನ ತಟ್ಟೆ ಅದು. ಒಂದು ದಿನ ತಡವಾದರೆ ಇಡೀ ಬೆಳೆ ಹೋಯಿತು. ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಹಣ್ಣು ಹುಳು ಆಯುವುದು ನನ್ನ ಕೈ. ಬೇರೆಯವರು ಹಿಡಿದರೆ ಹುಳು ನೋಯುತ್ತದೆ. ಈ ಕೈ ಹೋದರೆ ಆ ಮನೆಯೊಳಗೆ ನನಗೇನು ಕೆಲಸ?

ಒಂದು ಮಾತು. ಅವತ್ತು ನಿಮ್ಮ ಯಜಮಾನರು ನಿಮ್ಮ ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ನಮ್ಮವರು ಗೇಟಿನ ಹತ್ತಿರವೇ ಯಾರದೋ ಟಗರು ನೋಡಿಕೊಂಡು ನಿಂತುಬಿಟ್ಟರು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಇಂತಿ,
ಪುಟ್ಟಲಕ್ಷ್ಮಮ್ಮ


ಮಾಗಡಿ
6 ಮಾರ್ಚ್ 2025

ಪುಟ್ಟಲಕ್ಷ್ಮಮ್ಮನವರಿಗೆ,

ಮಾತ್ರೆ ತಪ್ಪಿಸಿಲ್ಲ. ಇದು ನಿಯಮದ ಭಾಗ, ಮುಗಿಯಿತು.

ನಿಮ್ಮ ಪತ್ರವನ್ನು ಓದಿದೆ. ಆಮೇಲೆ ಮತ್ತೆ ತೆಗೆದು ನೋಡಿದೆ, ಓದಲಿಕ್ಕಲ್ಲ. ತಲೆಕಟ್ಟು, ಕೊಂಬು ಎಲ್ಲವೂ ಅದರದರ ಜಾಗದಲ್ಲಿವೆ. ಒಂದೇ ಒಂದು ಒತ್ತಕ್ಷರ ಗೆರೆ ದಾಟಿಲ್ಲ. ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ಮೂವತ್ತಮೂರು ವರ್ಷ ತಿದ್ದಿದ್ದೇನೆ. ಇಂಥ ಅಕ್ಷರ ನಾಲ್ಕೋ ಐದೋ ಮಕ್ಕಳದ್ದು ಕಂಡಿರಬಹುದು.

ನನಗೆ ಮರೆವು ಎಂಬುದಿಲ್ಲ. 1996ರ ಭಾಷಣ ಸ್ಪರ್ಧೆಯಲ್ಲಿ ನನ್ನ ವಿದ್ಯಾರ್ಥಿನಿಗೆ ಒಂದು ಅಂಕ ಕಡಿಮೆ ಹಾಕಿದ ತೀರ್ಪುಗಾರರ ಅಂಗಿಯ ಬಣ್ಣ ಇವತ್ತಿಗೂ ನೆನಪಿದೆ. ಜನವರಿ ಹದಿನೈದರಂದು ನೀವು ಟೀ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದಿದ್ದಿರಿ. ಬೆರಳು ಮಡಚುತ್ತಿರಲಿಲ್ಲ. ನಿಮಗಿಂತ ನನ್ನ ಕೈ ವಾಸಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡದ್ದೂ ನೆನಪಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ ಎಂದು ಹೇಳಿದಿರಿ. ಹತ್ತೊಂಬತ್ತು ದಿನದಲ್ಲಿ ಈ ಅಕ್ಷರವೇ?

ನಿನ್ನೆ ತಪಾಸಣೆಗೆ ಹೋಗಿದ್ದೆ. ನಿಯಮದಂತೆ ನಿಮ್ಮ ಪತ್ರ ಕೊಟ್ಟೆ. ಮುಬಶ್ಶಿರಾ ಸಿಸ್ಟರ್ ಕಣ್ಣರಳಿಸಿ, "ಅರೇ, ನೋಡ್ರೀ ಎಲ್ರೂ, ಮಾತ್ರೆ ತಪ್ಪಿಸ್ದೆ ಇದ್ರೆ ಹಿಂಗಾಯ್ತದೆ ಕೈ!" ಎಂದು ಅದನ್ನು ಗೋಡೆಯ ಬೋರ್ಡಿಗೆ ಪಿನ್ನು ಹೊಡೆದರು. ನಾನೇ ಹೊತ್ತು ತಂದ ಪತ್ರ. ನಾನು ಅದರ ಕೆಳಗಿನ ಕುರ್ಚಿಯಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಬಂದವರೆಲ್ಲ ತಲೆಯೆತ್ತಿ ಓದುತ್ತಿದ್ದರು. ಒಬ್ಬಾಕೆಯಂತೂ, "ಇವ್ರು ಟೀಚರ್ ಇರ್ಬೇಕು ಕಣೇ" ಎಂದಳು.

ನೇರವಾಗಿ ಕೇಳುತ್ತೇನೆ. ನಿಮಗೆ ಬೇರೆ ಮಾತ್ರೆ ಕೊಟ್ಟಿದ್ದಾರೆಯೇ?

ಗಿರಿಜಾಂಬ


ಸಾತನೂರು
24 ಮಾರ್ಚ್ 2025

ಟೀಚರಮ್ಮನವರಿಗೆ,

ನಿಮಗೆ ಕೊಟ್ಟಿದ್ದೇ ನನಗೂ. ಹಳದಿಯದೇ. ಬೇಕಾದರೆ ಮಾತ್ರೆ ಇದ್ದ ಖಾಲಿ ಪಟ್ಟಿ ಕಳಿಸಲೇ?

ನನ್ನ ಕಾಗದವನ್ನು ಬೋರ್ಡಿಗೆ ಹಾಕಿದ್ದು ಕೇಳಿ ನಮ್ಮ ಯಜಮಾನರು ಊರೆಲ್ಲ ಹೇಳಿಕೊಂಡು ಬಂದರು. ಟೀ ಅಂಗಡಿಯಲ್ಲಿ ಯಾರೋ "ಏನ್ಲಾ ಪುಟ್ಟಲಿಂಗ, ನಿನ್ನೆಂಡ್ರು ಇನ್ಮ್ಯಾಲೆ ಆಫೀಸಿಗೆ ಹೋದಾರಾ?" ಎಂದು ಕೇಳಿದರಂತೆ. "ಹೋಯ್ತಳೆ ಕಣ್ಲಾ, ನೀನ್ ಬಂದ್ ಕುರಿ ಕಾಯಿ" ಎಂದರಂತೆ.

ನಿಮಗೆ ಕೋಪ ಬಂದಿದೆ ಎಂದು ನನಗೆ ಗೊತ್ತಾಯಿತು. ಅಕ್ಷರ ಹೇಗಿದ್ದರೇನು, ಟೀಚರಮ್ಮ? ನಿಮ್ಮದು ಸೊಟ್ಟಗಿದ್ದರೂ ಒಳಗಿನ ಮಾತು ನೆಟ್ಟಗಿರುತ್ತದೆ. ಇಲ್ಲಿ ನಮ್ಮ ಸೊಸೆ ವರಲಕ್ಷ್ಮಿ ನಿಮ್ಮ ಕಾಗದ ಓದಿ, "ಅತ್ತೆ, ಇವ್ರ ಕೈಲಿ ಬೈಸ್ಕಳಕ್ಕೂ ಪುಣ್ಯ ಬೇಕು" ಎನ್ನುತ್ತಾಳೆ. ಅವಳು ಅಂಗನವಾಡಿ ಟೀಚರು, ನಿಮ್ಮ ಜಾತಿಯವಳೇ ಅನ್ನಿ.

ಒಂದು ಬೆಳೆ ಮುಗಿಯಿತು. ಗೂಡು ಚೆನ್ನಾಗಿ ಬಂತು. ಮಾತ್ರೆ ತಪ್ಪಿಸಿಲ್ಲ.

ಪುಟ್ಟಲಕ್ಷ್ಮಮ್ಮ


ಮಾಗಡಿ
4 ಏಪ್ರಿಲ್ 2025

ಪುಟ್ಟಲಕ್ಷ್ಮಮ್ಮನವರಿಗೆ,

ನನ್ನ ಕೈ ಈಗ ಬಹಳ ಸುಧಾರಿಸಿದೆ. ಈ ಪತ್ರ ಒಂದೇ ಸಲಕ್ಕೆ ಕೂತು ಬರೆದದ್ದು. ಪತ್ರಿಕೆಗೂ ಒಂದು ಪತ್ರ ಬರೆದಿಟ್ಟಿದ್ದೇನೆ.

ಸಿಸ್ಟರ್ ಮೊನ್ನೆ ನಿಮ್ಮ ಎರಡನೆಯ ಪತ್ರವನ್ನೂ ಬೋರ್ಡಿಗೆ ಹಾಕಿದರು. ಹೊಸದಾಗಿ ಬರುವ ರೋಗಿಗಳಿಗೆ ನಿಮ್ಮಿಂದ ಎರಡು ಮಾತು ಆಡಿಸಬೇಕಂತೆ. ಫೋನು ಮಾಡಿದಾಗಲೆಲ್ಲ ನೀವು ಸೊಪ್ಪು ಕೊಯ್ಯಲು ಹೋಗಿರುತ್ತೀರಂತೆ. "ಸೊಪ್ಪು ಕುಯ್ಯಂಗಾಗವ್ರೆ ಮೇಡಂ, ನೀವೂ ಒಸಿ ಮನಸ್ಸು ಮಾಡಿ" ಎಂದು ನನಗೆ ಬುದ್ಧಿ ಹೇಳಿದರು. ಮನಸ್ಸು ಮಾಡಬೇಕಂತೆ! ನಾನು ಈ ಕಾಯಿಲೆಯ ಬಗ್ಗೆ ಕನ್ನಡದಲ್ಲಿರುವ ಪುಸ್ತಕಗಳನ್ನೆಲ್ಲ ತರಿಸಿ ಓದಿದ್ದೇನೆ. ಆಸ್ಪತ್ರೆ ಕೊಟ್ಟ ಕೈಪಿಡಿ ಬಾಯಿಪಾಠವಾಗಿದೆ. ನೀವು ಅದನ್ನು ಬಿಚ್ಚಿಯಾದರೂ ನೋಡಿದ್ದೀರಾ?

ಮಾತ್ರೆ ತಪ್ಪಿಸಿಲ್ಲ.

ಗಿರಿಜಾಂಬ


ಸಾತನೂರು
26 ಏಪ್ರಿಲ್ 2025

ಟೀಚರಮ್ಮನವರಿಗೆ,

ನಿಮ್ಮ ಕೈ ಸುಧಾರಿಸಿದ್ದು ಕೇಳಿ ಸಂತೋಷವಾಯಿತು. ಪತ್ರಿಕೆಯಲ್ಲಿ ಬಂದಾಗ ತಿಳಿಸಿ.

ಕೈಪಿಡಿ ನಮ್ಮ ಮನೆಯಲ್ಲಿ ಎಲ್ಲೋ ಇದೆ. ನೀವು ಓದಿದವರು, ಅದಕ್ಕೇ ಕೇಳುತ್ತೇನೆ. ನಮ್ಮ ಕಡೆಯ ಒಬ್ಬಳು ಇದ್ದಾಳೆ. ಅವಳಿಗೂ ಇದೇ ವಾರದ ಮಾತ್ರೆ. ಹುಳು ಸಾಕುವ ಮೂರು ವಾರ ಅವಳು ಮಾತ್ರೆ ಮುಟ್ಟುವುದಿಲ್ಲ, ಹೊಟ್ಟೆ ತೊಳಸಿದರೆ ಕೆಲಸ ಮಾಡುವವರು ಯಾರು? ಗೂಡು ಮಾರಿ ಬಂದ ಮೇಲೆ ಬಿಟ್ಟದ್ದನ್ನೆಲ್ಲ ಒಟ್ಟಿಗೆ ನುಂಗುತ್ತಾಳೆ. ಮೈಯಿಗೆ ಸೇರಬೇಕಾದದ್ದು ಸೇರಿತಲ್ಲ, ಹಿಂದೆಮುಂದೆ ಆದರೇನು ಎನ್ನುತ್ತಾಳೆ. ಒಂದು ಸಲ ಹಾಗೆ ಮಾಡಿದಳು, ಏನೂ ಆಗಲಿಲ್ಲ. ಇದು ಸರಿಯೋ ತಪ್ಪೋ? ನೀವು ಒಂದು ಸಾಲು ಬರೆದರೆ ಅವಳಿಗೆ ಹೇಳುತ್ತೇನೆ. ಬೇರೆಯವರು ಹೇಳಿದರೆ ಅವಳು ಕೇಳುವವಳಲ್ಲ.

ಹೊಸ ಹುಳು ಮುಂದಿನ ವಾರ ತರುತ್ತೇವೆ.

ಪುಟ್ಟಲಕ್ಷ್ಮಮ್ಮ


ಸಾತನೂರು
31 ಮೇ 2025

ಟೀಚರಮ್ಮನವರಿಗೆ,

ಐದು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಕೋಪವೇ? ಪೋಸ್ಟಿನವರು ಬಂದಾಗಲೆಲ್ಲ ನಾನು ಬಾಗಿಲಿಗೆ ಬರುವುದು ನೋಡಿ ನಮ್ಮ ಯಜಮಾನರು, "ಟೀಚರಮ್ಮ ನಿನ್ನ ಫೇಲ್ ಮಾಡವ್ರೆ, ಬುಡು" ಎಂದು ನಗುತ್ತಾರೆ.

ಬೆಳೆ ಚೆನ್ನಾಗಿಯೇ ಆಯಿತು. ಇಪ್ಪತ್ತೆರಡನೇ ತಾರೀಕು ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಹುಷಾರಾಗಿದ್ದೇನೆ.

ಮೂರು ದಿನದಿಂದ ಬಾಯಿತುಂಬ ಹುಣ್ಣು. ಅನ್ನ ಇಳಿಯುವುದಿಲ್ಲ. ತಣ್ಣಗಿನ ಗಂಜಿ ಮಾತ್ರ.

ಪುಟ್ಟಲಕ್ಷ್ಮಮ್ಮ


ಮಾಗಡಿ
9 ಜೂನ್ 2025

ಶ್ರೀಮತಿ ಪುಟ್ಟಲಕ್ಷ್ಮಮ್ಮನವರಿಗೆ,

ನಿಮ್ಮ ಎರಡೂ ಪತ್ರ ತಲುಪಿವೆ. ಈ ಸಲವೂ ಅಕ್ಷರ ಬಹಳ ಸುಂದರವಾಗಿದೆ.

ನೀವು ಬೋರ್ಡಿನ ಮೇಲಿರುವವರು. ನಿಮಗೆ ನಾನು ಹೇಳಿಕೊಡುವುದು ಏನಿದೆ? ನಿಮಗಾಗಲಿ ನಿಮ್ಮ ಕಡೆಯವರಿಗಾಗಲಿ ಏನಾದರೂ ಕೇಳುವುದಿದ್ದರೆ ಮುಬಶ್ಶಿರಾ ಸಿಸ್ಟರ್ ಅವರನ್ನೇ ಕೇಳಿ. ನಿಮ್ಮ ಮೇಲೆ ಅವರಿಗೆ ವಿಶೇಷ ಅಭಿಮಾನವಿದೆ.

ಗಿರಿಜಾಂಬ


ಸಾತನೂರು
17 ಜೂನ್ 2025

ಪೂಜ್ಯ ಗಿರಿಜಾಂಬ ಮೇಡಂ ಅವರಿಗೆ,

ನಾನು ಪುಟ್ಟಲಕ್ಷ್ಮಮ್ಮನವರ ಸೊಸೆ ವರಲಕ್ಷ್ಮಿ. ಈ ಅಕ್ಷರ ನಿಮಗೆ ಗುರುತಾಗುತ್ತದೆ. ಇಲ್ಲಿಯವರೆಗೆ ಬಂದ ಪತ್ರಗಳನ್ನೆಲ್ಲ ಬರೆದದ್ದು ನಾನೇ. ಅತ್ತೆ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

ಮೊದಲ ಪತ್ರವನ್ನು ಅವರೇ ಬರೆಯಲು ಕೂತರು. ಒಂದು ಬೆಳಗಿನ ಹೊತ್ತಿಗೆ "ಟೀಚ" ಎಂಬಷ್ಟು ಆಯಿತು. ಪೆನ್ನು ಮೂರು ಸಲ ಬಿತ್ತು. "ಹೈಸ್ಕೂಲ್ ಟೀಚರಮ್ಮಂಗೆ ಈ ಕೋಳಿ ಕೆರ್ದಂಗಿರದ ಕಳಿಸದಾ? ನೀನೇ ಬರಿ, ಯಾರ್ಗೂ ಹೇಳ್ಬ್ಯಾಡ" ಎಂದರು. ಅವರ ಕೈ ಮೇಲಾಗಿರಲಿಲ್ಲ, ಮೇಡಂ. ಸಿಸ್ಟರ್ ಕಂಡುಹಿಡಿಯುತ್ತಾರೆಂದು ಜನವರಿಯ ನಂತರ ತಪಾಸಣೆಗೂ ಹೋಗಲಿಲ್ಲ. ಹಳೆಯ ಚೀಟಿ ತೋರಿಸಿ ನನ್ನ ಯಜಮಾನರು ಮೆಡಿಕಲ್ ಅಂಗಡಿಯಿಂದ ಮಾತ್ರೆ ತರುತ್ತಿದ್ದರು. ಸಿಸ್ಟರ್ ಫೋನು ಮಾಡಿದರೆ ಅತ್ತೆ ಸೊಪ್ಪು ಕೊಯ್ಯಲು ಹೋಗಿದ್ದಾರೆ ಎಂದು ಸುಳ್ಳು ಹೇಳಿದವಳೂ ನಾನೇ.

ನಮ್ಮ ಕಡೆಯ ಒಬ್ಬಳು ಎಂದು ಬರೆದದ್ದು ಅವರ ವಿಷಯವೇ. ನಾನು ಬೇಡವೆಂದರೆ, "ಹುಳ ಜ್ವರಕ್ಕೆ ಕೂತಾಗ ನೀನು ಸೊಪ್ಪಾಕೀಯಾ? ಎದ್ಮ್ಯಾಲೆ ಒಟ್ಗೆ ತಿನ್ನಕಿಲ್ವಾ? ನನ್ ಮೈಯೂ ಹಂಗೇ" ಎನ್ನುತ್ತಿದ್ದರು. ಮೂವತ್ತು ವರ್ಷ ಹುಳು ಸಾಕಿದವರಿಗೆ ನಾನು ಏನು ಹೇಳಲಿ? ಟೀಚರಮ್ಮ ಹೇಳಿದರೆ ಕೇಳುತ್ತೇನೆ ಎಂದಿದ್ದರು. ಅದಕ್ಕೇ ಆ ಪತ್ರ. ನಿಮ್ಮ ಉತ್ತರಕ್ಕೆ ಕಾದರು. ಬರಲಿಲ್ಲ. ಮೇ ಇಪ್ಪತ್ತೆರಡರ ಗುರುವಾರ ಗೂಡು ಮಾರಿದ ಮೇಲೆ ಮೂರು ವಾರದ ಹದಿನೆಂಟು ಮಾತ್ರೆಯನ್ನು ಒಟ್ಟಿಗೆ ನುಂಗಿದರು. ಮುಂದಿನ ಗುರುವಾರ ಮತ್ತೆ ಆರು.

ಬಾಯಿ ಹುಣ್ಣಿನ ವಿಷಯ ಬರೆಯಬೇಡ ಎಂದಿದ್ದರು. ಹುಷಾರಾಗಿದ್ದೇನೆ ಎಂದು ಬರೆದು ಮುಗಿಸಲು ಹೇಳಿದರು. ಆಮೇಲಿನ ಸಾಲುಗಳನ್ನು ನಾನೇ ಸೇರಿಸಿದೆ. ನೀವು ಕೈಪಿಡಿ ಬಾಯಿಪಾಠ ಎಂದು ಬರೆದಿದ್ದಿರಿ. ಹಿಡಿಯುತ್ತೀರಿ ಎಂದುಕೊಂಡೆ.

ಹನ್ನೆರಡನೇ ತಾರೀಕು ನಿಮ್ಮ ಉತ್ತರ ಬಂತು. ಅವತ್ತು ಮಧ್ಯಾಹ್ನವೇ ಅವರಿಗೆ ಜ್ವರ ಏರಿ, ವಸಡಿನಲ್ಲಿ ರಕ್ತ ಬಂದು, ರಾಮನಗರಕ್ಕೆ ಕರೆದೊಯ್ದೆವು. ರಕ್ತದ ಕಣ ತೀರ ಕಡಿಮೆಯಾಗಿದೆ ಎಂದರು. ಎರಡು ಬಾಟಲಿ ರಕ್ತ ಕೊಟ್ಟಿದ್ದಾರೆ. ಇನ್ನೂ ಒಂದು ವಾರ ಏನೂ ಹೇಳುವಂತಿಲ್ಲವಂತೆ. ನಾನು ಬಟ್ಟೆ ಒಯ್ಯಲು ಊರಿಗೆ ಬಂದವಳು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮೇಲೆ ಕೋಪವಿಲ್ಲ ಎಂದು ಬರೆಯಲು ನನಗೆ ಬರುತ್ತಿಲ್ಲ. ಕ್ಷಮಿಸಿ.

ವರಲಕ್ಷ್ಮಿ


ಮಾಗಡಿ
26 ಜೂನ್ 2025

ಪುಟ್ಟಲಕ್ಷ್ಮಮ್ಮ,

ಇದನ್ನು ವರಲಕ್ಷ್ಮಿ ನಿಮಗೆ ಓದಿ ಹೇಳಲಿ. ಒಂದು ಅಕ್ಷರವನ್ನೂ ಬಿಡದಿರಲಿ.

ನನಗೆ ಗೊತ್ತಿತ್ತು. ಕೈಪಿಡಿಯ ಒಂಬತ್ತನೆಯ ಪುಟ. "ಬಾಯಿಯಲ್ಲಿ ಹುಣ್ಣಾದರೆ ಮಾತ್ರೆ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಬನ್ನಿ." ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. "ತಪ್ಪಿದ ಮಾತ್ರೆಯನ್ನು ಸೇರಿಸಿ ನುಂಗಬೇಡಿ" ಎಂಬುದು ಅದೇ ಪುಟದಲ್ಲಿದೆ. ನಿಮ್ಮ ಏಪ್ರಿಲ್ ಪತ್ರ ಓದಿದ ಕ್ಷಣವೇ ಉತ್ತರ ನನ್ನ ನಾಲಿಗೆಯ ಮೇಲಿತ್ತು. ಆ ಒಬ್ಬಳು ನೀವೇ ಇರಬಹುದು ಎಂದೂ ಹೊಳೆಯಿತು. ಆದರೆ ಆ ಅಕ್ಷರ ನೋಡಿ ಮೈ ಉರಿಯಿತು. ಇಷ್ಟು ಚೆಂದ ಬರೆಯುವವಳಿಗೆ ಏನಾದೀತು, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇ ತಿಂಗಳ ಪತ್ರ ಬಂದಾಗ ಒಂಬತ್ತನೆಯ ಪುಟ ತೆರೆದು ನೋಡಿದೆ, ಮುಚ್ಚಿದೆ. ಆಮೇಲೆ ಆ ಒಣ ಉತ್ತರ ಬರೆದೆ. ನಲವತ್ತು ವರ್ಷ ನಾನು ಪತ್ರಿಕೆಗಳಿಗೆ ಬರೆದದ್ದೆಲ್ಲ ಇದೇ ತಾನೇ: ಗೊತ್ತಿದ್ದೂ ಸುಮ್ಮನಿದ್ದವರ ಬಗ್ಗೆ.

ಸೋಮವಾರ ರಾಮನಗರಕ್ಕೆ ಬಂದಿದ್ದೆ. ವಾರ್ಡಿನ ಬಾಗಿಲವರೆಗೂ ಬಂದೆ. ನಿಮ್ಮ ಯಜಮಾನರು ಮಂಚದ ಕೆಳಗೆ ಕೂತು ಕಿತ್ತಳೆ ಸುಲಿಯುತ್ತಿದ್ದರು. "ತಿನ್ನಮ್ಮೀ ಒಸಿ" ಎಂದರು. ನೀವು, "ನಿಮ್ ಕೈ ಕುರಿ ವಾಸ್ನೆ" ಎಂದಿರಿ. "ಆಸ್ಪತ್ರೆ ಸೋಪಲ್ಲಿ ಮೂರು ಸಲ ತೊಳ್ದಿವ್ನಿ ಕಣೇ." "ಆಂ, ಅದ್ಕೇ. ಈಗ ಸೋಪ್ ಹಾಕಿರೋ ಕುರಿ ವಾಸ್ನೆ." ಮುಬಶ್ಶಿರಾ ಸಿಸ್ಟರ್ ನಿಮ್ಮ ದಿಂಬು ಸರಿಮಾಡುತ್ತ ನಗುತ್ತಿದ್ದರು. ಪಕ್ಕದ ಮಂಚದ ಮುದುಕಿಯೂ ನಗುತ್ತಿದ್ದಳು. ನೀವು ಬದುಕಿದ್ದೀರಿ ಎಂದು ಸಮಾಧಾನವಾಯಿತು. ಅದರ ಬೆನ್ನಿಗೇ, ಸುಳ್ಳು ಬರೆಯಲಾರೆ, ಮತ್ತೆ ಹೊಟ್ಟೆಕಿಚ್ಚಾಯಿತು. ಸಾವಿನ ಹತ್ತಿರ ಹೋಗಿ ಬಂದವಳ ಸುತ್ತ ಇಷ್ಟು ಜನ. ತಂದ ಎಳನೀರನ್ನು ಕಾವಲಿನವರ ಹತ್ತಿರ ಕೊಟ್ಟು ವಾಪಸು ಬಂದೆ.

ನನ್ನ ಫೈಲನ್ನು ಎದೆಗೆ ಅವುಚಿ ನಿಂತಿದ್ದ ವೀರಭದ್ರಯ್ಯನವರ ವಿಷಯ ಬರೆದಿದ್ದಿರಿ. ಅವರು ಫೈಲು ಹಿಡಿಯುತ್ತಾರೆ, ಕಾರು ಓಡಿಸುತ್ತಾರೆ, ಬಿಲ್ಲು ಜೋಡಿಸಿಡುತ್ತಾರೆ. ಕೈ ಹೇಗಿದೆ ಎಂದು ಒಮ್ಮೆಯೂ ಕೇಳಿಲ್ಲ.

ಸಿಸ್ಟರ್‌ಗೆ ನಿಮ್ಮ ಏಪ್ರಿಲ್, ಮೇ ಪತ್ರಗಳನ್ನೂ ನನ್ನ ತಪ್ಪನ್ನೂ ಅಂಚೆಯಲ್ಲಿ ಕಳಿಸಿದ್ದೇನೆ. ಬೋರ್ಡಿಗೆ ಹಾಕಲಿ.

ಗಿರಿಜಾಂಬ


ಸಾತನೂರು
11 ಆಗಸ್ಟ್ 2025

ಗಿರಿಜಕ್ಕ

ಇದ ನಾನೇ ಬರೀತಿವ್ನಿ. ನಾಕು ದಿನ ಆಯ್ತು ಸುರು ಮಾಡಿ. ಸೊಸೆ ತಾರೀಕು ಮಾತ್ರ ಹಾಕವ್ಳೆ.

ಎಳನೀರು ಕುಡ್ದೆ. ಯಾರು ತಂದಿದ್ದು ಅಂತ ಗೊತ್ತಾಯ್ತು. ಬಾಗ್ಲಿಂದ ಓಡೋಗೋ ಅಂತಾ ಟೀಚರ ನಾನು ನೋಡ್ಲಿಲ್ಲ.

ಬೈಯ್ಯಕ್ಕೆ ಬಾಳ ಐತೆ. ಬೆರಳು ನೋಯ್ತದೆ. ಅದಕ್ಕೆ ಬುಟ್ಟಿವ್ನಿ.

ಡಾಕ್ಟ್ರು ಮತ್ತೆ ಮಾತ್ರೆ ಸುರು ಮಾಡು ಅಂತವ್ರೆ. ಮೊದ್ಲು ಎರಡೇ. ಆಮ್ಯಾಕೆ ನೋಡ್ಕಂಡು ಆರು. ಚೀಟಿ ತಂದು ಹದಿನೈದು ದಿನ ಆಯ್ತು. ಇನ್ನೂ ಮುಟ್ಟಿಲ್ಲ. ಮೊದ್ಲು ಕೆಲಸ ಕೆಡ್ತದೆ ಅಂತ ಬುಟ್ಟಿದ್ದೆ. ಈಗ ಭಯಕ್ಕೆ ಬುಟ್ಟಿವ್ನಿ. ಮುಟ್ದೆ ಇದ್ರೆ ಬೆರಳು ಪೂರ್ತಿ ಹೋಯ್ತವೆ ಅಂತವ್ರೆ. ಹಣ್ಣುಳ ಒಂದೂ ಹಿಡಿಯಕ್ಕಾಗ್ತಿಲ್ಲ.

ಆಸ್ಪತ್ರೆಲಿ ವಾಂತಿ ಆಗವಾಗ ವರಲಕ್ಷ್ಮಿ ಹಣೆ ಹಿಡ್ಕಂಡಿದ್ಲು. ಅವಳು ಹಿಡ್ಕಂಡ್ರೆ ಒಸಿ ಧೈರ್ಯ. ಆದ್ರೂ ಆಗ್ತಿಲ್ಲ.

ಈಗ ನನ್ ವಿಸ್ಯನೇ ಕೇಳ್ತಿವ್ನಿ. ಬೇರೆಯವಳದಲ್ಲ. ನುಂಗ್ಲಾ ಬ್ಯಾಡ್ವಾ. ಈ ಸಲ ಉತ್ತರ ಬರೀಬೇಕು.

ಪುಟ್ಟಲಕ್ಷ್ಮಿ


ಮಾಗಡಿ
16 ಆಗಸ್ಟ್ 2025

ಪುಟ್ಟಲಕ್ಷ್ಮಿ,

ನಿನ್ನ ಪತ್ರ ಇವತ್ತು ಹನ್ನೊಂದು ಗಂಟೆಗೆ ಬಂತು. ಈಗ ಹನ್ನೊಂದೂಕಾಲು. ಉತ್ತರ ಇದು: ನುಂಗು. ಗುರುವಾರ ಮಾತ್ರ. ಡಾಕ್ಟರು ಹೇಳಿದಂತೆ ಎರಡು ಮಾತ್ರ. ತಪ್ಪಿದರೆ ತಪ್ಪಿತು, ಸೇರಿಸಬೇಡ. ಮನುಷ್ಯರ ಮೈ ರೇಷ್ಮೆ ಹುಳುವಿನದಲ್ಲ, ಅದಕ್ಕೆ ಬಿಟ್ಟದ್ದನ್ನು ಒಟ್ಟಿಗೆ ತಿಂದು ಗೊತ್ತಿಲ್ಲ. ಮೂರನೆಯ ಬುಧವಾರ ನೀನೇ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಾ, ಮಗನನ್ನು ಕಳಿಸಬೇಡ. ವಾಂತಿಯ ವಿಷಯ ಡಾಕ್ಟರಿಗೆ ಬಾಯಿಬಿಟ್ಟು ಹೇಳು, ಅದಕ್ಕೂ ಮಾತ್ರೆ ಕೊಡುತ್ತಾರೆ. ನೀನು ಇಷ್ಟು ದಿನ ಕೇಳದೇ ಇದ್ದದ್ದಕ್ಕೆ ಕೊಟ್ಟಿಲ್ಲ.

ಇಷ್ಟು ಬರೆದ ಮೇಲೆ ಪೆನ್ನು ಕೆಳಗಿಟ್ಟಿದ್ದೆ. ನಿನಗೆ ಹೀಗೆ ಹೇಳಲು ನನಗೆ ಅರ್ಹತೆಯಿಲ್ಲ. ಅದನ್ನೂ ಬರೆಯಬೇಕು.

ಏಪ್ರಿಲ್ ಎರಡರಿಂದ ನಾನು ಒಂದು ಮಾತ್ರೆಯನ್ನೂ ನುಂಗಿಲ್ಲ.

ನಿನ್ನ ಎರಡನೆಯ ಪತ್ರ ಬೋರ್ಡಿಗೆ ಏರಿದ ದಿನ ಮನೆಗೆ ಬಂದು ಡಬ್ಬವನ್ನು ಬೀರುವಿನ ಮೇಲಕ್ಕೆ ಎಸೆದೆ. ಅದೇ ಮಾತ್ರೆ, ಅದೇ ಆರು, ನಿನಗೆ ಆ ಅಕ್ಷರ ಕೊಟ್ಟಿತು, ನನಗೆ ಕೊಡಲಿಲ್ಲ. ಹಾಗಿದ್ದರೆ ಅದು ನನಗಲ್ಲ ಎಂದು ತೀರ್ಮಾನಿಸಿದೆ. "ಮಾತ್ರೆ ತಪ್ಪಿಸಿಲ್ಲ", "ಕೈ ಸುಧಾರಿಸಿದೆ" ಎಂದು ನಾನು ನಿನಗೆ ಬರೆದ ದಿನ ನನ್ನ ಸೀರೆಯ ನೆರಿಗೆ ಹಿಡಿಯಲು ಆಗದೆ ಪಕ್ಕದ ಮನೆಯ ಕವನಳನ್ನು ಕರೆದಿದ್ದೆ. ನೀನು ಬರೆಸಿ ಸುಳ್ಳು ಹೇಳಿದೆ, ನಾನು ಬರೆದು ಹೇಳಿದೆ. ಜೂನ್‌ನಲ್ಲಿ ನಿನ್ನ ಸೊಸೆಯ ಪತ್ರ ಓದಿದ ಮೇಲಾದರೂ ಶುರು ಮಾಡಬಹುದಿತ್ತು. ನಾಚಿಕೆ ಬಿಡಲಿಲ್ಲ. ನಿನ್ನೆ ಮೊನ್ನೆಯವರೆಗೂ ನಾಚಿಕೆಯೇ ನೆಪ. ಈಗ ನನ್ನ ಬಲಗೈಯ ಎರಡು ಬೆರಳು ಪಕ್ಕಕ್ಕೆ ವಾಲಿವೆ. ಅವು ಇನ್ನು ಹಿಂದಕ್ಕೆ ಬರುವುದಿಲ್ಲವಂತೆ. ಉಳಿದ ಮೂರನ್ನು ಉಳಿಸಿಕೊಳ್ಳಬಹುದಂತೆ. ಆಗಸ್ಟ್ ಆರರಂದು ಸಿಸ್ಟರ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ. "ನಿಮ್ಮಿಬ್ರನ್ನ ಜೋಡಿ ಮಾಡಿದ್ ಕೈಗೆ ಹೊಡ್ಕೋಬೇಕು ನಾನು" ಎಂದು ಹೇಳಿ ಹೊಸ ಚೀಟಿ ಬರೆಸಿಕೊಟ್ಟರು. ನನಗೂ ಮೊದಲು ಎರಡೇ. ಹತ್ತು ದಿನವಾಯಿತು. ಡಬ್ಬ ಮೇಜಿನ ಮೇಲಿದೆ. ಮುಚ್ಚಳ ತೆಗೆದಿಲ್ಲ. ನೀನು ಭಯ ಎಂದು ಬರೆಯುವ ತನಕ ನನಗೆ ಅದರ ಹೆಸರು ಗೊತ್ತಿರಲಿಲ್ಲ.

ಕೇಳು. ಗಣೇಶನ ಹಬ್ಬದ ಮಾರನೆಯ ದಿನ, ಇಪ್ಪತ್ತೆಂಟನೇ ತಾರೀಕು, ಗುರುವಾರ. ಅವತ್ತಿಗೆ ನಿಮ್ಮ ಹುಳು ಇನ್ನೂ ಸಣ್ಣವೇ ಇರುತ್ತವೆ, ಅವಸರವಿಲ್ಲ ಎಂದು ವರಲಕ್ಷ್ಮಿಗೆ ಫೋನು ಮಾಡಿ ವಿಚಾರಿಸಿದೆ. ಮೊದಲ ಸಲ ಅವಳ ದನಿ ಕೇಳಿದೆ. ಕೋಪ ಪೂರ್ತಿ ಇಳಿದಿಲ್ಲ. ಸರಿಯೇ. ಕಾರು ಬೇಡ, ಬಸ್ಸಿಗೆ ಬರುತ್ತೇನೆ, ವೀರಭದ್ರಯ್ಯನವರಿಗೆ ಹೇಳಿಯಾಗಿದೆ. ನನ್ನ ವಾರವನ್ನು ಬುಧದಿಂದ ಗುರುವಾರಕ್ಕೆ ಬದಲಾಯಿಸಲು ಡಾಕ್ಟರು ಒಪ್ಪಿದ್ದಾರೆ. ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಎರಡೆರಡು ನುಂಗೋಣ. ನೀನು ನನ್ನ ಬಾಯಿ ನೋಡು, ನಾನು ನಿನ್ನ ಬಾಯಿ ನೋಡುತ್ತೇನೆ. ಇಬ್ಬರ ಮಾತನ್ನೂ ಇನ್ನು ನಂಬುವ ಹಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಟ್ಟೆ ತೊಳಸಬಹುದು. ನಿನ್ನ ಹಣೆ ಹಿಡಿಯಲು ಸೊಸೆಯಿದ್ದಾಳೆ ಎಂದು ಓದಿದಾಗ ನನಗೆ ಆದದ್ದೇನು ಎಂದು ಮತ್ತೆ ಬರೆಯುವುದಿಲ್ಲ, ನಿನಗೆ ಗೊತ್ತು. ಅವಳಿಗೆ ಎರಡು ಕೈಗಳಿವೆಯಲ್ಲ. ಒಂದನ್ನು ನನಗೆ ಬಿಡುತ್ತಾಳೋ, ಕೇಳಿ ನೋಡು.

ಗಿರಿಜಕ್ಕ